ಎಂಟುನೂರು ರೂಪಾಯಿಯ ಪ್ಯಾರಿಸ್

ಆರನೇ ಸೆಮಿಸ್ಟರ್ ಶುರುವಾದ ಮೇಲೆ ನಮ್ಮ ಹಾಸ್ಟೆಲಿನಲ್ಲಿ ಮಾತೆಲ್ಲ ಇಂಟರ್ನ್‌ಶಿಪ್ ಸಂದರ್ಶನದ ಸುತ್ತಲೇ. ಫಾರ್ಮಲ್ ಬಟ್ಟೆ ಹೊಲಿಸಿದ್ದಾಯಿತು, ಶೂ ತಂದದ್ದಾಯಿತು. ಬ್ಯಾಗ್ ಮಾತ್ರ ಪಿಯುಸಿಯಲ್ಲಿ ಅಪ್ಪ ಕೊಡಿಸಿದ ಬ್ಯಾಕ್‌ಪ್ಯಾಕ್. ‘ಇದನ್ನ ಹಾಕ್ಕೊಂಡು ಇಂಟರ್‌ವ್ಯೂಗೆ ಹೋಗ್ತೀಯೇನೇ?’ ಅಂತ ರೂಮ್‌ಮೇಟ್ ಒಮ್ಮೆ ನಕ್ಕಳು. ಅವಳು ಮರೆತಳು, ನಾನು ಮರೆಯಲಿಲ್ಲ.

ಫೋನ್ ತೆರೆದರೆ ‘ಫ್ರೆಂಚ್ ಸ್ಟೈಲ್’ ರೀಲ್ಸ್. ಬಿಳಿ ಶರ್ಟು, ನೀಲಿ ಜೀನ್ಸ್, ಹೆಗಲಲ್ಲೊಂದು ಬ್ಯಾಗು. ಅಷ್ಟೇ, ಆದರೂ ಎಷ್ಟು ಚೆಂದ! ಮಾರ್ಕೆಟ್ ರಸ್ತೆಯಲ್ಲಿ ಅಂಥದ್ದೇ ಬ್ಯಾಗ್ ನೇತಾಡುತ್ತಿತ್ತು. ಮೇಲೆ ಫ್ರೆಂಚ್ ಕಂಪನಿಯ ಗುರುತು ಎದ್ದು ಕಾಣುವಂತೆ. ‘ಫಸ್ಟ್ ಕಾಪಿ ಮೇಡಂ, ಯಾರಿಗೂ ಗೊತ್ತಾಗಲ್ಲ’ ಅಂದರು. 800 ರೂಪಾಯಿ ಕೊಟ್ಟೆ.

ಸರಿಯಾಗಿ 20 ದಿನ ಬಂತು. ಸಂದರ್ಶನದ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹಿಡಿ ಕಿತ್ತು ಬಂತು. ಲ್ಯಾಪ್‌ಟಾಪ್, ಫೈಲು, ಸ್ಟೀಲ್ ಬಾಟಲಿ, ಟಿಫನ್ ಡಬ್ಬಿ ಎಲ್ಲ ನೆಲಕ್ಕೆ. ಲ್ಯಾಪ್‌ಟಾಪಿನ ಮೂಲೆ ಒಡೆಯಿತು. ಅಪ್ಪ ಕಂತಿನ ಮೇಲೆ ಕೊಡಿಸಿದ್ದು, ಇನ್ನೂ ನಾಲ್ಕು ಕಂತು ಬಾಕಿ ಇತ್ತು. ಅಲ್ಲೇ ಚಪ್ಪಲಿ ಹೊಲಿಯುತ್ತಿದ್ದ ತಾತನ ಹತ್ತಿರ ಓಡಿದೆ. ಅವರು ಬ್ಯಾಗನ್ನು ತಿರುಗಿಸಿ ನೋಡಿ, ‘ಹೊಲಿಗೆ ಹಾಕ್ಕೊಡ್ತೀನಿ ಕಣವ್ವ, ಆದ್ರೆ ಈ ರೆಕ್ಸಿನ್ ಹಿಡಿಯಲ್ಲ. ಸೂಜಿ ಚುಚ್ಚಿದ ಕಡೆನೇ ಹರಿಯುತ್ತೆ’ ಅಂದರು. ಸಂಜೆ ಹಾಗೇ ಆಯಿತು.

ಸಂದರ್ಶನದಲ್ಲಿ ನಾನು ಆಯ್ಕೆ ಆಗಲಿಲ್ಲ. ತಪ್ಪು ಬ್ಯಾಗಿನದಲ್ಲ, ನನ್ನ ಥರ್ಮೋಡೈನಮಿಕ್ಸಿನದು. ಆದರೆ ಆ ದಿನ ಒಂದು ಗಮನಿಸಿದೆ. ಎದುರು ಕುಳಿತ ಮೂವರಲ್ಲಿ ಒಬ್ಬರೂ ನನ್ನ ಬ್ಯಾಗಿನ ಕಡೆ ನೋಡಲಿಲ್ಲ.

ಆಮೇಲೆ ನಾನು ಕುಳಿತು, ನಾವು ಇಷ್ಟೊಂದು ನಕಲು ಮಾಡುವ ಆ ಫ್ರೆಂಚ್ ಬ್ಯಾಗುಗಳ ಕಥೆ ಓದಿದೆ. ಓದಿದಷ್ಟೂ ನಗು ಬಂತು. ಅವೆಲ್ಲ ಹುಟ್ಟಿದ್ದೇ ನಮ್ಮಂಥವರ ತಾಪತ್ರಯದಿಂದ.

ಬಂಗಾರದ ಬಣ್ಣದ ಸರಪಳಿ, ಚೌಕಳಿ ಹೊಲಿಗೆಯ ಕಪ್ಪು ಬ್ಯಾಗ್ ಎಲ್ಲರೂ ನೋಡಿದ್ದೇವೆ. ಕೊಕೊ ಶನೆಲ್ ಅದನ್ನು ತಂದದ್ದು 1955ರ ಫೆಬ್ರವರಿಯಲ್ಲಿ. ಅದಕ್ಕೇ ಅದರ ಹೆಸರು 2.55. ಆ ಕಾಲದ ಸ್ಥಿತಿವಂತ ಹೆಂಗಸರು ಬ್ಯಾಗನ್ನು ಕೈಯಲ್ಲೇ ಹಿಡಿದು ಓಡಾಡುತ್ತಿದ್ದರು. ಎರಡೂ ಕೈ ಬಿಡುವಾಗಿರಲಿ ಅಂತ ಆಕೆ ಹೆಗಲಿಗೆ ಸರಪಳಿ ಹಾಕಿದರು. ಇಂದು ಒಡವೆಯಂತೆ ಕಾಣುವ ಆ ಸರಪಳಿ ಬಂದದ್ದು ಕೈಗೆ ಬಿಡುವು ಕೊಡಲು.

ಲೂಯಿ ವಿಟಾನ್ ಕಂಪನಿಯ ‘ನೋಯೆ’ ಅನ್ನುವ ಚೀಲದಂಥ ಬ್ಯಾಗ್ 1932ರದ್ದು. ಅದನ್ನು ಮಾಡಿದ್ದು ಐದು ಶಾಂಪೇನ್ ಬಾಟಲಿ ಹೊರಲು! ಲಾಂಗ್‌ಶಾಂಪ್ ಕಂಪನಿ 1993ರಲ್ಲಿ ತಂದ ‘ಲ ಪ್ಲಿಯಾಜ್’ ನೈಲಾನಿನದ್ದು, ಹಿಡಿ ಚರ್ಮದ್ದು. ಪ್ಲಿಯಾಜ್ ಅಂದರೆ ಮಡಚುವುದು. ಮಡಚಿದರೆ ಪುಸ್ತಕದಷ್ಟು ಚಿಕ್ಕದಾಗುತ್ತದೆ.

ಎಲ್ಲಕ್ಕಿಂತ ಚೆಂದದ ಕಥೆ ಬರ್ಕಿನ್‌ದು. ನಟಿ, ಗಾಯಕಿ ಜೇನ್ ಬರ್ಕಿನ್ ಹುಟ್ಟಿದ್ದು ಲಂಡನ್ನಿನಲ್ಲಿ, ಫ್ರೆಂಚ್ ಸ್ಟೈಲ್ ಅಂದರೆ ಇಂದಿಗೂ ಮೊದಲು ನೆನಪಾಗುವುದು ಅವರೇ. ಅವರು ಎಲ್ಲಿಗೆ ಹೋದರೂ ಹಿಡಿದಿರುತ್ತಿದ್ದದ್ದು ಒಂದು ಹೆಣೆದ ಬುಟ್ಟಿ. ಹೌದು, ಬುಟ್ಟಿ! 1980ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೋಗುವ ವಿಮಾನದಲ್ಲಿ ಅವರ ಸಾಮಾನೆಲ್ಲ ಚೆಲ್ಲಾಪಿಲ್ಲಿಯಾಯಿತು. ಪಕ್ಕದಲ್ಲಿದ್ದವರು ಎರ್ಮೆಸ್ ಕಂಪನಿಯ ಮುಖ್ಯಸ್ಥ ಜ್ಯಾಂ-ಲೂಯಿ ದ್ಯೂಮಾ. ಮಕ್ಕಳ ತಾಯಿಗೆ ಬೇಕಾದ್ದೆಲ್ಲ ಹಿಡಿಸುವ ಬ್ಯಾಗೇ ಸಿಗುವುದಿಲ್ಲ ಅಂತ ಜೇನ್ ಹೇಳಿಕೊಂಡರು. 1984ರಲ್ಲಿ ಬರ್ಕಿನ್ ಬ್ಯಾಗ್ ಬಂತು. ಅವರು ತಮ್ಮ ಬ್ಯಾಗಿಗೆ ಸ್ಟಿಕ್ಕರ್ ಅಂಟಿಸಿದರು, ಉಗುರು ಕತ್ತರಿಸುವ ಕಟರ್ ನೇತುಹಾಕಿದರು, ವರ್ಷಗಟ್ಟಲೆ ಬಳಸಿದರು. ಆ ಗೀರು ಬಿದ್ದ, ಮಾಸಿದ ಬ್ಯಾಗೇ 2025ರ ಜುಲೈಯಲ್ಲಿ ಪ್ಯಾರಿಸ್ ಹರಾಜಿನಲ್ಲಿ 86 ಲಕ್ಷ ಯೂರೊಗೆ ಹೋಯಿತು.

ನನ್ನದೂ ಬಸ್‌ಸ್ಟ್ಯಾಂಡಿನಲ್ಲಿ ಚೆಲ್ಲಾಪಿಲ್ಲಿಯಾಗಿತ್ತು. ವ್ಯತ್ಯಾಸ ಇಷ್ಟೇ. ಜೇನ್ ‘ನನಗೆ ಏನು ಹಿಡಿಸಬೇಕು’ ಅಂತ ಕೇಳಿಕೊಂಡರು. ನಾನು ‘ನೋಡಿದವರು ಏನಂದುಕೊಳ್ಳಬೇಕು’ ಅಂತ ಕೇಳಿಕೊಂಡಿದ್ದೆ.

ಚೆಂದ ಕಾಣಬೇಕು ಅನ್ನುವುದು ತಪ್ಪೇ? ಖಂಡಿತ ಅಲ್ಲ. ಹಳ್ಳಿಯಿಂದ ಬಂದು, ಇಂಗ್ಲಿಷಿಗೂ ಹೆದರಿ, ಬಟ್ಟೆಗೂ ಹೆದರಿ ಸಂದರ್ಶನದ ಕೋಣೆಗೆ ಹೋಗುವ ನಮಗೆ ಒಂದು ಒಳ್ಳೆಯ ಬ್ಯಾಗ್ ಧೈರ್ಯ ಕೊಡುತ್ತದೆ. ಆದರೆ ನಕಲಿ ಹೆಸರು ಆ ಧೈರ್ಯ ಕೊಡುವುದಿಲ್ಲ. ‘ಗೊತ್ತಾಗಿಬಿಟ್ಟರೆ?’ ಅನ್ನುವ ಇನ್ನೊಂದು ಭಯ ಸೇರಿಸುತ್ತದೆ. ಆ 20 ದಿನವೂ ನಾನು ಬ್ಯಾಗಿನ ಗುರುತು ಇರುವ ಬದಿಯನ್ನು ಒಮ್ಮೆ ಹೊರಗೆ, ಒಮ್ಮೆ ಒಳಗೆ ತಿರುಗಿಸಿಕೊಳ್ಳುತ್ತಿದ್ದೆ. ಅಂದಹಾಗೆ, ಫ್ರಾನ್ಸಿನಲ್ಲಿ ನಕಲಿ ಬ್ರ್ಯಾಂಡಿನ ವಸ್ತು ಇಟ್ಟುಕೊಳ್ಳುವುದೂ ಅಪರಾಧ.

ಹಾಗಾದರೆ ನಮ್ಮ ಬಜೆಟ್ಟಿನಲ್ಲಿ ಫ್ರೆಂಚ್ ಸ್ಟೈಲ್ ಬ್ಯಾಗ್ ಆರಿಸುವುದು ಹೇಗೆ? ಮೆಕ್ಯಾನಿಕಲ್ ಓದುತ್ತಿರುವ ನನಗೆ ತಿಳಿದದ್ದು ಹೇಳುತ್ತೇನೆ.

ಮೊದಲು ದಿನವೂ ಹೊರುವುದನ್ನೆಲ್ಲ ಹಾಸಿಗೆಯ ಮೇಲೆ ಜೋಡಿಸಿ, ಅಳತೆ ತೆಗೆದುಕೊಳ್ಳಿ. ಎ4 ಫೈಲು 30 ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ. 15.6 ಇಂಚಿನ ಲ್ಯಾಪ್‌ಟಾಪ್ ಸುಮಾರು 36 ಸೆಂಟಿಮೀಟರ್ ಅಗಲ. ಇದು ಹಿಡಿಸದ ಬ್ಯಾಗ್ ಎಷ್ಟು ಚೆಂದವಿದ್ದರೂ ಬೇಡ.

ಎರಡನೆಯದು ಹಿಡಿಯ ಬುಡ. ಭಾರವೆಲ್ಲ ಬಂದು ಬೀಳುವುದು ಹಿಡಿ ಬ್ಯಾಗಿಗೆ ಸೇರುವ ಆ ನಾಲ್ಕು ಜಾಗದಲ್ಲಿ. ಅಲ್ಲಿ ಒಳಗಡೆ ಇನ್ನೊಂದು ಪದರ ಕೊಟ್ಟಿದ್ದಾರಾ, ಹೊಲಿಗೆ ಚೌಕಾಕಾರವಾಗಿ ಸುತ್ತಿ ಬಂದಿದೆಯಾ ನೋಡಿ. ಒಂದೇ ಗೆರೆಯ ಹೊಲಿಗೆಯಾದರೆ ಕೆಳಗಿಡಿ. ಎರ್ಮೆಸ್‌ನವರು ಕುದುರೆಯ ಜೀನು ಹೊಲಿಯುವ ಪದ್ಧತಿಯಲ್ಲಿ ಒಂದೇ ದಾರಕ್ಕೆ ಎರಡು ಸೂಜಿ ಹಾಕಿ, ಪ್ರತಿ ರಂಧ್ರದಲ್ಲೂ ಎರಡು ಕಡೆಯಿಂದ ಹೊಲಿಯುತ್ತಾರೆ. ಒಂದು ಹೊಲಿಗೆ ಹರಿದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ನಮಗೆ ಅಷ್ಟು ಸಿಗದಿದ್ದರೂ ಗಟ್ಟಿ ಹೊಲಿಗೆ ಕೇಳುವ ಹಕ್ಕಿದೆ.

ಮೂರನೆಯದು ಪಟ್ಟಿಯ ಅಗಲ. ಅದೇ ಭಾರ, ತೆಳು ಪಟ್ಟಿಯಾದರೆ ಹೆಗಲನ್ನು ಕೊಯ್ಯುತ್ತದೆ, ಅಗಲವಾದರೆ ಹಂಚಿಕೊಳ್ಳುತ್ತದೆ. ಇದು ಹೈಸ್ಕೂಲಿನ ಒತ್ತಡದ ಪಾಠ.

ಇನ್ನು ಬಣ್ಣ. ಕಪ್ಪು, ಕಂದು, ಕಡುನೀಲಿ, ಈ ಮೂರರಲ್ಲಿ ಒಂದು. ಇವು ಶರ್ಟಿಗೂ ಸೈ, ಚೂಡಿದಾರಕ್ಕೂ ಸೈ. ಸರಳ ಆಕಾರ, ಮೇಲೆ ದೊಡ್ಡ ಹೆಸರಿಲ್ಲ, ಹೊಳೆಯುವ ಬಕಲ್ ಒಂದೋ ಎರಡೋ. ಫ್ರೆಂಚ್ ಸ್ಟೈಲ್ ಅಂತ ನಾವು ಮೆಚ್ಚುವುದರಲ್ಲಿ ಮುಕ್ಕಾಲು ಪಾಲು ಇಷ್ಟೇ. ಚರ್ಮವೇ ಆಗಬೇಕೆಂದಿಲ್ಲ. ದಪ್ಪ ಕ್ಯಾನ್ವಾಸ್ ನಕಲಿ ಚರ್ಮಕ್ಕಿಂತ ಎಷ್ಟೋ ವಾಸಿ, ಮತ್ತೆ ಹೊಲಿಸಲೂಬಹುದು.

ಕೊನೆಗೆ ಲೆಕ್ಕ. ನನ್ನ 800 ರೂಪಾಯಿಯ ಬ್ಯಾಗಿಗೆ ದಿನಕ್ಕೆ 40 ರೂಪಾಯಿ ಬಿತ್ತು, ಲ್ಯಾಪ್‌ಟಾಪ್ ರಿಪೇರಿ ಬಿಟ್ಟು. ಈಗ ಕಂದು ಬಣ್ಣದ ಕ್ಯಾನ್ವಾಸ್ ಬ್ಯಾಗ್ ತಂದಿದ್ದೇನೆ, 1,800 ರೂಪಾಯಿ. ವರ್ಷಕ್ಕೆ 250 ದಿನದಂತೆ ಮೂರು ವರ್ಷ ಬಂದರೆ ದಿನಕ್ಕೆ ಎರಡೂವರೆ ರೂಪಾಯಿಗೂ ಕಡಿಮೆ. ಅಷ್ಟು ದುಡ್ಡು ಕೂಡಿಡಲು ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಅಪ್ಪ ಕೊಡಿಸಿದ ಬ್ಯಾಕ್‌ಪ್ಯಾಕನ್ನೇ ಒಗೆದು ಹಾಕಿಕೊಂಡೆ. ಏನೂ ಆಗಲಿಲ್ಲ.

ಹೊಸ ಬ್ಯಾಗನ್ನು ಬಸ್‌ಸ್ಟ್ಯಾಂಡಿನ ತಾತನಿಗೆ ತೋರಿಸಿದೆ. ಹಿಡಿಯನ್ನು ಎರಡು ಸಲ ಜಗ್ಗಿ ನೋಡಿ, ‘ಇದು ನನ್ನ ಹತ್ರ ಬೇಗ ಬರಲ್ಲ ಬಿಡವ್ವ’ ಅಂದರು. ಮುಂದಿನ ತಿಂಗಳು ಮತ್ತೊಂದು ಸಂದರ್ಶನವಿದೆ. ಈ ಸಲ ಬ್ಯಾಗಿನ ಚಿಂತೆಯಿಲ್ಲ. ಥರ್ಮೋಡೈನಮಿಕ್ಸ್ ಓದುತ್ತಿದ್ದೇನೆ.