ಅಳಿವೆಯ ಮೀನಿಗೆ ಘಟ್ಟವೇ ಪಂಚಾಂಗ

ಕಡಲು ಸೇರುವ ಹೊಳೆನೀರೆಲ್ಲ ವ್ಯರ್ಥವೆಂಬ ಮಾತು ನದಿ ತಿರುವಿನ ಪ್ರಸ್ತಾವ ಬಂದಾಗಲೆಲ್ಲ ಕೇಳಿಬರುತ್ತದೆ. ಘಟ್ಟದ ಮೇಲಿನವರೂ ಅದನ್ನು ಅಷ್ಟಾಗಿ ಪ್ರಶ್ನಿಸುವುದಿಲ್ಲ. ಅಳಿವೆಯ ಪುಟ್ಟ ಮೀನುಗಳ ಸಂತಾನಕ್ರಮವನ್ನು ಗಮನಿಸಿದರೆ ಆ ಮಾತಿನ ಪೊಳ್ಳುತನ ತಿಳಿಯುತ್ತದೆ.

ಅಳಿವೆಯು ಸಿಹಿನೀರು, ಉಪ್ಪುನೀರು ಬೆರೆಯುವ ತಾಣ. ಮಳೆಗಾಲದ ಪ್ರವಾಹ ಉಪ್ಪನ್ನು ಹೊರದೂಡುತ್ತದೆ. ಮಳೆ ಹಿಂದೆಸರಿದಂತೆ ಉಬ್ಬರದೊಡನೆ ಉಪ್ಪು ಮೆಲ್ಲನೆ ಒಳಬಂದು, ಬೇಸಗೆಯಲ್ಲಿ ಹೆಚ್ಚುತ್ತದೆ. ಈ ಏರಿಳಿತವೇ ಅಲ್ಲಿನ ಜೀವಿಗಳಿಗೆ ಪಂಚಾಂಗ. ಮಲೆಟ್ ಮೀನುಗಳು ಕಡಲಿನಲ್ಲಿ ಲಕ್ಷಗಟ್ಟಲೆ ಮೊಟ್ಟೆಯಿಡುತ್ತವೆ; ಅವುಗಳ ಮರಿಗಳು ಅಳಿವೆಗೆ ಬಂದು ಬೆಳೆಯುತ್ತವೆ. ಕರಿಮೀನಿನ ದಾರಿ ಬೇರೆ. ಅದು ಅಳಿವೆಯಲ್ಲಿಯೇ ಮುಳುಗಿದ ಕಲ್ಲು, ಕೊರಡುಗಳಿಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಗಂಡು ಹೆಣ್ಣು ಎರಡೂ ರೆಕ್ಕೆಯಿಂದ ನೀರು ಬೀಸುತ್ತ ಕಾಯುತ್ತವೆ. ಒಡೆದ ಮರಿಗಳನ್ನು ಬಾಯಲ್ಲಿ ಕಚ್ಚಿ ತಾವೇ ತೋಡಿದ ಕುಳಿಗಳಿಗೆ ಸಾಗಿಸುತ್ತವೆ. ಇಡುವ ಮೊಟ್ಟೆ ಕಡಿಮೆ, ಕಾವಲು ಹೆಚ್ಚು. ಕಣ್ಣಳತೆಯ ಈ ಕಾವಲಿಗೆ ತಿಳಿನೀರು ಬೇಕು. ಘಟ್ಟದ ಗುಡ್ಡ ಕಡಿದಾಗ ಇಳಿಯುವ ಕೆಸರು ಮೊಟ್ಟೆಯ ಮೇಲೆ ಕೂತರೆ ತಾಯ್ತಂದೆಗಳ ಶ್ರಮವೆಲ್ಲ ಮಣ್ಣುಪಾಲು.

ನೀರು ಕಡಿಮೆಯಾದರಷ್ಟೇ ಹಾನಿಯೆಂದು ತಿಳಿಯಬೇಕಿಲ್ಲ; ಹೊತ್ತಲ್ಲದ ಹೊತ್ತಿನಲ್ಲಿ ಹೆಚ್ಚಾದರೂ ಹಾನಿಯೇ. ಶರಾವತಿ ಇದಕ್ಕೆ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡ ಬಳಿಕ ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ಬೇಸಗೆಯಲ್ಲೂ ಹೊನ್ನಾವರದ ಅಳಿವೆಗೆ ಹರಿಯತೊಡಗಿತು. ಉಪ್ಪು ಇಳಿಯಿತು, ಚಿಪ್ಪುಜೀವಿಗಳು ಕ್ಷೀಣಿಸಿದವು. ಅಣೆಕಟ್ಟೆಯಿಲ್ಲದ ನೆರೆಯ ಅಘನಾಶಿನಿಯ ಅಳಿವೆಯಲ್ಲಿ ಮೀನಿನ ವೈವಿಧ್ಯ ಹೆಚ್ಚೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆಯೂ ದೊರೆತಿದೆ. ಆದರೆ ಮಾನ್ಯತೆಯ ಪತ್ರ ಹೊಳೆಯನ್ನು ಹರಿಸಲಾರದು. ಅದನ್ನು ಹರಿಸುವುದು ಶಿರಸಿ, ಸಿದ್ದಾಪುರದ ಕಾಡುಗಳು.

ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಅಲ್ಲಿನ ಕೆರೆಗಳ ಹೂಳೆತ್ತಿ ಮಳೆನೀರು ಹಿಡಿಯುವುದು ಆಗಲೇಬೇಕಾದ ಕೆಲಸ. ಆದರೆ ಬೇಡ್ತಿಯನ್ನು ವರದೆಗೆ ತಿರುಗಿಸುವಂಥ ಪ್ರಸ್ತಾವಗಳ ಲೆಕ್ಕದಲ್ಲಿ ಗಂಗಾವಳಿಯ ಅಳಿವೆಯೂ ಸೇರಬೇಕು. ಮುಳುಗುವ ಕಾಡಿನ ಎಕರೆಯೊಂದನ್ನೇ ಎಣಿಸಿದರೆ ಸಾಲದು. ಅಳಿವೆಯ ಉಪ್ಪಿನಂಶ ತಿಂಗಳು ತಿಂಗಳು ಹೇಗೆ ಬದಲಾದೀತು, ಯಾವ ಮೀನಿನ ಮೊಟ್ಟೆಗಾಲ ತಪ್ಪೀತು ಎಂಬುದನ್ನೂ ವರದಿ ಹೇಳಬೇಕು. ಅಹವಾಲು ಸಭೆಯಲ್ಲಿ ಅಡಿಕೆ ಬೆಳೆಗಾರನ ಪಕ್ಕದಲ್ಲಿ ಮೀನುಗಾರನೂ, ಚಿಪ್ಪು ಆರಿಸಿ ಸಂಸಾರ ಸಾಗಿಸುವ ಹೆಂಗಸರೂ ಕೂರಬೇಕು.

ಘಟ್ಟದ ಊರುಗಳಿಗೂ ಹೊಣೆಯಿದೆ. ಹಳ್ಳದಂಚಿನ ಮರಗಳನ್ನು ಉಳಿಸುವುದು, ಅಗೆದ ಮಣ್ಣನ್ನು ಹೊಳೆಗೆ ನೂಕದಿರುವುದು ಗ್ರಾಮಸಭೆಗಳ ಕೈಯಲ್ಲೇ ಇರುವ ಕೆಲಸ. ಹೊಳೆಯ ಮೇಲಿನ ಹಕ್ಕನ್ನು ಕೇಳುವವರು ಅದರ ಕೊನೆಯ ಮೈಲಿಯ ಹೊಣೆಯನ್ನೂ ಹೊರಬೇಕು.