ತಂತಿಯಿಲ್ಲದ ತಿರುಪುಳಿ

ತಂತಿಯಿಲ್ಲದ ವಿದ್ಯುತ್ ತಿರುಪುಳಿಯು, ಎಂದರೆ ಕಾರ್ಡ್‌ಲೆಸ್ ಸ್ಕ್ರೂಡ್ರೈವರು, ನಮ್ಮ ಪುಣೆಯ ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಈಗ ಸುಲಭವಾಗಿ ದೊರೆಯುವ ಉಪಕರಣ. ಅದು ನಿಂತೊಡನೆ ‘ಕೆಟ್ಟಿತು’ ಎಂದು ತೀರ್ಪಿತ್ತು ಹೊಟ್ಟೆ ಬಗೆಯಲು ಹೊರಡುವ ಹುಡುಗರು ಬಹಳ. ಈ ತೀರ್ಪು ಅವಸರದ್ದೆಂದು ನನ್ನ ಅಭಿಪ್ರಾಯ.

ಕಟಕಟನೆ ಸದ್ದಾಗಿ ಮೊನೆಯು ತಿರುಗದಿದ್ದರೆ ಅದು ಸಾಮಾನ್ಯವಾಗಿ ರೋಗವಲ್ಲ. ಕೊರಳಿನಲ್ಲಿರುವ ಅಂಕಿಗಳ ಬಳೆಯು ಕ್ಲಚ್ಚಿನದು. ನಾವು ಗೊತ್ತುಮಾಡಿದ ಬಲವನ್ನು ಮೀರಿದೊಡನೆ ಕ್ಲಚ್ಚು ಜಾರಿ, ಮರ ಸೀಳದಂತೆಯೂ ತಿರುಪಿನ ತಲೆ ಸವೆಯದಂತೆಯೂ ಕಾಯುತ್ತದೆ. ತಿರುಪು ಇನ್ನೂ ಇಳಿಯಬೇಕಾಗಿದ್ದರೆ ಅಂಕಿಯನ್ನು ಒಂದೊಂದಾಗಿ ಏರಿಸಿರಿ. ಗುಂಡಿಯೊತ್ತಿದರೂ ಮೌನವೇ? ಹಿಂದೆ-ಮುಂದೆ ತಿರುಗಿಸುವ ಕೀಲು ನಡುವೆ ನಿಂತಿರಬಹುದು; ಹಲವು ಮಾದರಿಗಳಲ್ಲಿ ಅದೇ ಬೀಗ. ಮೊನೆ ಜಾರುತ್ತಿದ್ದರೆ ಅದು ಸವೆದಿದೆ, ಇಲ್ಲವೆ ಜಾತಿ ಬೇರೆ: ಫಿಲಿಪ್ಸ್ ಮತ್ತು ಪೋಝಿಡ್ರೈವ್ ನೋಟಕ್ಕೆ ಅವಳಿಗಳು, ಒಂದರ ಮೊನೆ ಮತ್ತೊಂದಕ್ಕೆ ಸರಿಯಾಗಿ ಕೂಡದು. ಮೊದಲ ಎರಡು ಸುತ್ತನ್ನಂತೂ ಕೈಯಿಂದಲೇ ಹಾಕುವುದು ಲೇಸು. ಎಳೆ ಅಡ್ಡಹಿಡಿದುದು ಬೆರಳಿಗೆ ತಿಳಿಯುತ್ತದೆ, ಮೋಟಾರಿಗೆ ತಿಳಿಯದು.

ಬ್ಯಾಟರಿಯ ಮಾತು ಬೇರೆ. ಸಣ್ಣ ಯಂತ್ರಗಳಲ್ಲಿ ಇರುವುದು ಸಾಮಾನ್ಯವಾಗಿ 3.6 ವೋಲ್ಟಿನ ಲಿಥಿಯಂ-ಅಯಾನ್ ಕೋಶ. (ಈ ಬಗೆಯ ಬ್ಯಾಟರಿಯನ್ನು ರೂಪಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂದಿತು.) ಪೂರ್ತಿ ಬರಿದುಮಾಡಿ ತಿಂಗಳುಗಟ್ಟಲೆ ಮರೆತರೆ ಅದು ಮತ್ತೆ ಏಳದೆ ಹೋಗಬಹುದು. ಯಂತ್ರವನ್ನು ಬಗೆಯಹೊರಟವರು ತಲುಪುವುದು ಈ ಕೋಶವನ್ನೇ. ಉಬ್ಬಿದ ಕೋಶವನ್ನು ಚುಚ್ಚಿದರೆ ಬೆಂಕಿ ಹತ್ತೀತು. ಅದನ್ನು ಚಾರ್ಜಿಗೂ ಹಚ್ಚದೆ, ಕಸದ ಬುಟ್ಟಿಗೂ ಎಸೆಯದೆ, ಹಿರಿಯರ ಕೈಯಿಂದ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿರಿ.