ಅಟ್ಟದ ಮೆಟ್ಟಿಲಿನ ನೆರಳು

ಕಟ್ಟಡಗಳ ಛಾಯಾಚಿತ್ರದ ವಿಷಯದಲ್ಲಿ ಈಚೆಗೆ ಬೇರೂರಿರುವ ಒಂದು ಅಭಿಪ್ರಾಯವೆಂದರೆ, ಚಿತ್ರ ತೆಗೆಯುವ ಹೊತ್ತಿನಲ್ಲಿ ಬೆಳಕು ಹೇಗಿದ್ದರೂ ಅಡ್ಡಿಯಿಲ್ಲ, ಕತ್ತಲೆಯ ಭಾಗಗಳನ್ನು ಆಮೇಲೆ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಬೆಳಗಿಸಿಕೊಳ್ಳಬಹುದು ಎಂಬುದು. ಮಲ್ಲಂದೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ತೋಟದ ಹಳೆಯ ಮನೆಗಳು ಹೋಂಸ್ಟೇಗಳಾಗಿ, ಅವುಗಳ ಚಿತ್ರಗಳೇ ಅತಿಥಿಗಳನ್ನು ಕರೆಯುವ ಕೆಲಸಕ್ಕೆ ನಿಂತ ಮೇಲೆ ಈ ಅಭಿಪ್ರಾಯಕ್ಕೆ ಇನ್ನಷ್ಟು ಬಲ ಬಂದಿದೆ. ಮೆಟ್ಟಿಲಿನ ಮಟ್ಟಿಗೆ ಇದು ಬುಡದಲ್ಲೇ ತಪ್ಪು; ಏಕೆಂದರೆ ಬಾಗಿಲು, ಕಂಬ, ಕಿಟಕಿಗಳು ಎಂಥ ಬೆಳಕಿನಲ್ಲೂ ತಮ್ಮ ಆಕಾರವನ್ನು ಉಳಿಸಿಕೊಂಡಾವು, ಮೆಟ್ಟಿಲು ಮಾತ್ರ ಚಿತ್ರದಲ್ಲಿ ಮೆಟ್ಟಿಲಾಗಿ ಕಾಣುವುದೇ ನೆರಳಿನಿಂದ.

ಪ್ರತಿಯೊಂದು ಮೆಟ್ಟಿಲಿಗೂ ಎರಡು ಮುಖಗಳಿವೆ: ಕಾಲಿಡುವ ಸಮತಟ್ಟಾದ ಭಾಗ, ಕಟ್ಟಡದ ಕೆಲಸದವರು ಟ್ರೆಡ್ ಎನ್ನುವುದು, ಹತ್ತುವವರ ಎದುರಿಗೆ ನೆಟ್ಟಗೆ ನಿಲ್ಲುವ ಭಾಗ, ಅವರು ರೈಸರ್ ಎನ್ನುವುದು. ಎರಡೂ ಒಂದೇ ಕಲ್ಲಿನವೋ ಒಂದೇ ಮರದವೋ ಆಗಿದ್ದಾಗ ಬಣ್ಣ ಅವನ್ನು ಬೇರ್ಪಡಿಸದು. ಒಂದರ ಮೇಲೆ ಬಿದ್ದಷ್ಟು ಬೆಳಕು ಇನ್ನೊಂದರ ಮೇಲೆ ಬೀಳದಿದ್ದಾಗಲೇ ಕಣ್ಣಿಗೆ ಅಂಚು ಸಿಗುವುದು. ಕ್ಯಾಮೆರಾಕ್ಕೆ ಅಂಟಿಕೊಂಡ ಫ್ಲ್ಯಾಶಿನಲ್ಲಿ ನೆರಳುಗಳು ವಸ್ತುವಿನ ಹಿಂದೆಯೇ ಅಡಗಿ ಮೆಟ್ಟಿಲ ಸಾಲು ಚಪ್ಪಟೆಯಾಗುತ್ತದೆ. ಕಡಿಮೆ ಮತ್ತು ಹೆಚ್ಚು ಬೆಳಕಿನಲ್ಲಿ ತೆಗೆದ ಹಲವು ಚಿತ್ರಗಳನ್ನು ಒಂದಾಗಿ ಬೆಸೆಯುವ ಎಚ್‌ಡಿಆರ್ ವಿಧಾನವನ್ನು ಹದಮೀರಿ ಬಳಸಿದರೂ ಫಲ ಅದೇ.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಇದನ್ನು ಪರೀಕ್ಷಿಸಬಹುದು. ಊರು ಬೆಟ್ಟದ ಉತ್ತರಕ್ಕಿರುವುದರಿಂದ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ದಕ್ಷಿಣದತ್ತ ಏರುತ್ತವೆ, ಅವುಗಳ ರೈಸರ್‌ಗಳು ಮೇಲಿನ ಗೊಮ್ಮಟನಂತೆಯೇ ಉತ್ತರಕ್ಕೆ ಮುಖಮಾಡಿವೆ. ಡಿಸೆಂಬರ್ ಕೊನೆಯಲ್ಲಿ ದಕ್ಷಿಣದ ಬಾನಿನಲ್ಲೇ ಸಾಗುವ ಸೂರ್ಯ ನಡುಹಗಲಿನಲ್ಲೂ ಸುಮಾರು 54 ಡಿಗ್ರಿಗಿಂತ ಮೇಲೇರದ ಕಾರಣ, ಟ್ರೆಡ್‌ಗಳು ಬಿಸಿಲು ಕಾಯುತ್ತಿರುವಾಗ ರೈಸರ್‌ಗಳು ನೆರಳಿನಲ್ಲೇ ಉಳಿದು, ಬರಿಯ ಬಂಡೆಯ ಮೇಲೆ ಗೆರೆ ಎಳೆದಂತೆ ಒಂದೊಂದು ಮೆಟ್ಟಿಲೂ ಎದ್ದು ಕಾಣುತ್ತದೆ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿದು ರೈಸರ್‌ಗಳನ್ನೂ ಮುಟ್ಟಿದಾಗ ಆ ಗೆರೆ ತೆಳುವಾಗುತ್ತದೆ. ಹಾಗಾಗಿ ನಡುಹಗಲಿನ ಬಿಸಿಲೆಲ್ಲ ಚಿತ್ರಕ್ಕೆ ಕೆಟ್ಟದ್ದೆಂಬ ಪಾಠ ಎಲ್ಲ ಕಡೆಗೂ ಹೊಂದುವಂಥದ್ದಲ್ಲ.

ಮಲೆನಾಡಿನ ಮನೆಯ ಅಟ್ಟದ ಮೆಟ್ಟಿಲಿನ ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಏಣಿಗಿಂತ ತುಸುವೇ ಓರೆಯಾದ ಎರಡು ದಪ್ಪ ಮರಗಳ ನಡುವೆ ಹಲಗೆಗಳನ್ನು ಕೂರಿಸಿ ಮಾಡಿದ ಇಂಥ ಮೆಟ್ಟಿಲಿಗೆ ಎಷ್ಟೋ ಕಡೆ ರೈಸರ್ ಇರುವುದೇ ಇಲ್ಲ. ಹಲಗೆ ಹಲಗೆಗಳ ನಡುವೆ ಇರುವುದು ಬರಿಯ ಕತ್ತಲೆ. ಹೆಂಚುಗಳ ನಡುವೆ ಕೂರಿಸಿದ ಗಾಜಿನ ಹೆಂಚಿನಿಂದ ಇಳಿದ ಬೆಳಕು ಹಲಗೆಯ ಮುಂದಂಚಿಗೆ ಬಿದ್ದಾಗ, ತಲೆಮಾರುಗಳ ಕಾಲು ಸವೆಸಿದ ನಡುಭಾಗ ಮಾತ್ರ ಬೋಗುಣಿಯ ಒಳಮೈಯಂತೆ ಮಿನುಗಿ, ಎರಡು ಬದಿಗಳು ಹೊಗೆ ಹಿಡಿದ ಕಪ್ಪಿನಲ್ಲಿ ಉಳಿಯುತ್ತವೆ. ಮೆಣಸು, ಅಡಿಕೆ, ಹಬ್ಬದ ದೊಡ್ಡ ಪಾತ್ರೆಗಳನ್ನು ಹೊತ್ತು ಹತ್ತಿದವರು ಕಾಲಿಟ್ಟದ್ದು ಎಲ್ಲಿ ಎಂಬುದನ್ನು ಆ ಮಿನುಗು ಹೇಳುತ್ತದೆ. ಹಿಂದಿನ ಗೋಡೆಯನ್ನು ಬೆಳಗಿಸಿದ ಕ್ಷಣದಲ್ಲೇ ಹಲಗೆಯೂ ಗೋಡೆಯೂ ಒಂದೇ ಬಣ್ಣಕ್ಕೆ ತಿರುಗಿ ಈ ಸವೆತ ಮಾಯವಾಗುತ್ತದೆ. ಮನೆಯನ್ನು ಕಟ್ಟಿದವರು ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ಮಾಡಿದ ತೀರ್ಮಾನವನ್ನೇ ಅಳಿಸಿ, ಅದಕ್ಕೆ ತಿದ್ದುಪಡಿ ಎಂಬ ಹೆಸರು ಕೊಡುವುದು ಸರಿಯಲ್ಲ.

ದುರಸ್ತಿಗಾಗಿ, ದಾಖಲೆಗಾಗಿ ತೆಗೆಯುವ ಚಿತ್ರದಲ್ಲಿ ಬಿರುಕು, ಗೆದ್ದಲು, ಸಡಿಲ ಬೆಸುಗೆ ಒಂದೂ ಮರೆಯಾಗಕೂಡದು ಎಂಬ ವಾದ ಮಾತ್ರ ಗೌರವಕ್ಕೆ ಅರ್ಹ. ಹಳೆಯ ಮನೆಯನ್ನು ಉಳಿಸಲು ಹೊರಟ ಬಡಗಿಗೆ ನೆರಳಿನ ಚೆಲುವಿನಿಂದ ಉಪಯೋಗವಿಲ್ಲ, ಮೂಲೆಮೂಲೆಯೂ ಕಾಣುವ ಚಿತ್ರವೇ ಬೇಕು, ಮತ್ತು ಅಂಥ ಚಿತ್ರಗಳನ್ನು ಬೇರೆಯಾಗಿ ತೆಗೆದಿಡುವುದು ಕರ್ತವ್ಯವೇ ಸರಿ. ಆದರೆ ಆ ಅಗತ್ಯವನ್ನು ನೋಡುಗರ ಮುಂದಿಡುವ ಚಿತ್ರಕ್ಕೂ ಹೇರಬೇಕಾಗಿಲ್ಲ. ಕಣ್ಣಿಗೆ ಎಲ್ಲವೂ ಕಾಣುವುದರಿಂದ ಕ್ಯಾಮೆರಾಕ್ಕೂ ಎಲ್ಲವೂ ಕಾಣಬೇಕೆಂಬ ಮಾತು, ಬಿಸಿಲಿನಿಂದ ಬಂದು ಅಂಥ ಅಟ್ಟವನ್ನು ಒಮ್ಮೆಯೂ ಹತ್ತದವರು ಆಡುವಂಥದ್ದು.

ಚೌಕಟ್ಟಿನ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ಲೆನ್ಸಿಗಿಂತ ಎತ್ತರದಲ್ಲಿರುವ ಮೆಟ್ಟಿಲಿನ ಟ್ರೆಡ್ ಕಾಣುವುದಿಲ್ಲ, ಆದ್ದರಿಂದ ಬುಡದಲ್ಲಿ ನಿಂತು ತೆಗೆದರೆ ಮೆಟ್ಟಿಲು ಗೋಡೆಯಾಗುತ್ತದೆ; ತುದಿಯಿಂದ ಕೆಳಗೆ ನೋಡಿದರೆ ಬರಿಯ ಪಟ್ಟೆಗಳಾಗುತ್ತವೆ. ಪಕ್ಕಕ್ಕೆ ಸರಿದು, ನಡುವಿನ ಎತ್ತರದಲ್ಲಿ, ಕ್ಯಾಮೆರಾವನ್ನು ಮೇಲಕ್ಕೆ ವಾಲಿಸದೆ ಟ್ರೈಪಾಡಿನ ಮೇಲೆ ಮಟ್ಟವಾಗಿಟ್ಟಾಗ ಕಂಬಗಳೂ ನೆಟ್ಟಗಿರುತ್ತವೆ. ಇಂಗ್ಲೆಂಡಿನ ಫ್ರೆಡರಿಕ್ ಇವಾನ್ಸ್ 1903ರಲ್ಲಿ ವೆಲ್ಸ್ ಕೆಥೆಡ್ರಲ್‌ನ ಸವೆದ ಮೆಟ್ಟಿಲುಗಳನ್ನು ಅಲೆಗಳಂತೆ ತೋರಿಸಿದ್ದು, ಚಿತ್ರವನ್ನು ಆಮೇಲೆ ತಿದ್ದುವುದನ್ನು ಒಪ್ಪದೆ, ಇದ್ದ ಬೆಳಕಿಗೆ ಒಗ್ಗಿಕೊಂಡು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಚಿತ್ರಗಳನ್ನು ಮೆಚ್ಚುವ ಈ ಸೀಮೆಯವರಿಗೆ ಹಕ್ಕಿಗಾಗಿ ಕಾಯುವುದು ವಿಚಿತ್ರವೆನಿಸದು. ಮೆಟ್ಟಿಲಿಗೆ ಬರುವ ಬೆಳಕಿಗೂ ಹಾಗೆಯೇ ಹೊತ್ತು, ಋತು ಎರಡೂ ಇವೆ. ಮಳೆಗಾಲದ ಮೋಡದಲ್ಲಿ ಗಾಜಿನ ಹೆಂಚಿನಿಂದ ಮಂಕಾದ ಬೆಳಕಷ್ಟೇ ಇಳಿಯುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಚಿಕ್ಕಮಗಳೂರಿನ ನೆತ್ತಿಯ ಮೇಲೆ ಬರುವುದರಿಂದ, ಬಾನು ಶುಭ್ರವಾಗಿದ್ದರೆ, ನಡುಹಗಲಿಗೆ ಅದೇ ಹೆಂಚಿನ ಬಿಸಿಲು ನೇರ ಕೆಳಕ್ಕೆ ಇಳಿದು, ತನ್ನಡಿಗಿರುವ ಹಲಗೆಗಳ ಮೇಲೆ ಸ್ವಲ್ಪವೇ ಹೊತ್ತು ನಿಂತು ಪಕ್ಕಕ್ಕೆ ಸರಿಯುತ್ತದೆ.